ಹಸ್ನಿದಾಳ ರಕ್ತದಲ್ಲಿ ಇದ್ದದ್ದು

ಕಂಪುಂಗ್ ಲಾವುತ್ ದಾಲಂ, ತುಂಪಾತ್
3 ಫೆಬ್ರವರಿ 2016

ರಕ್ತ ತೆಗೆದುಕೊಂಡು ಹೋದ ಕಚೇರಿಯ ದೊಡ್ಡವರಿಗೆ,

ಅಸ್ಸಲಾಮು ಅಲೈಕುಂ. ನಾನು ಸೆಲಾಮಾ, ದೆರಾಮಾನ್ ಅವರ ಮಗಳು. ನಾಲ್ಕು ವರ್ಷದ ಹಿಂದೆ ನಿಮ್ಮ ಕಡೆಯವರು ನಮ್ಮ ಮಸೀದಿ ಪಕ್ಕದ ಸಭಾಂಗಣಕ್ಕೆ ಬಂದು ಊರವರ ತೂಕ ನೋಡಿ, ಸೊಂಟ ಅಳೆದು, ರಕ್ತ ತೆಗೆದುಕೊಂಡು ಹೋಗಿದ್ದರು. ದಪ್ಪ ಇರುವವರಿಗೆ ಸಕ್ಕರೆ ಕಾಯಿಲೆ, ಕಿಡ್ನಿಯ ಕಾಯಿಲೆ, ಹೃದಯದ ಕಾಯಿಲೆ ಯಾಕೆ ಒಂದರ ಹಿಂದೊಂದು ಬರುತ್ತವೆ, ಹುಟ್ಟಿನಿಂದಲೇ ರಕ್ತದಲ್ಲಿ ಏನಾದರೂ ನಂಟಿದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತೇವೆ ಎಂದಿದ್ದರು. ಎಲ್ಲರಿಗೂ ಒಂದೊಂದು ಕೊಡೆ ಕೊಟ್ಟಿದ್ದರು.

ನನ್ನ ಮಗಳು ಹಸ್ನಿದಾ ಹೋದ ವರ್ಷ ರಂಜಾನ್ ತಿಂಗಳಲ್ಲಿ ತೀರಿಕೊಂಡಳು. ಮೂವತ್ತೊಂದು ವರ್ಷ. ಅವಳ ಚೀಟಿಯ ನಂಬರು 417. ಸಾಲಿನಲ್ಲಿ ಅವಳ ಹಿಂದೆ ನಾನು ನಿಂತಿದ್ದೆ, ನನ್ನದು 418. ನೀವು ನಾಲ್ಕು ವರ್ಷದಿಂದ ಹುಡುಕುತ್ತಿದ್ದೀರಿ. ಏನಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ. ನನಗೆ ಬೇರೆಯವರದು ಬೇಡ. ನನ್ನ ಮಗಳ ರಕ್ತದಲ್ಲಿ ಏನಿತ್ತು, ಅಷ್ಟು ಸಾಕು.

ನನಗೆ ಚೆನ್ನಾಗಿ ಬರುವುದು ಅರಬಿ ಅಕ್ಷರದ ಜಾವಿ ಲಿಪಿ ಮಾತ್ರ. ಓದಲು ಕಷ್ಟವಾದರೆ ಕ್ಷಮಿಸಿ.

ಸೆಲಾಮಾ

*

ಕ್ವಾಲಾಲಂಪುರ
22 ಫೆಬ್ರವರಿ 2016

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ತಮ್ಮ ಮಗಳ ನಿಧನಕ್ಕೆ ನಮ್ಮ ಸಂತಾಪಗಳು. ಈ ಅಧ್ಯಯನ ಇಪ್ಪತ್ತೆರಡು ಸಾವಿರ ಜನರ ಮಾಹಿತಿಯನ್ನು ಒಟ್ಟಾಗಿ ಪರಿಶೀಲಿಸುತ್ತದೆ. ಹೆಸರುಗಳನ್ನು ಬೇರ್ಪಡಿಸಿ ಬೀಗಮುದ್ರೆಯಲ್ಲಿ ಇಡಲಾಗಿದೆ. ಯಾವುದೇ ಒಬ್ಬ ವ್ಯಕ್ತಿಯ ಫಲಿತಾಂಶವನ್ನು ಅವರಿಗಾಗಲಿ, ಕುಟುಂಬದವರಿಗಾಗಲಿ ತಿಳಿಸಲು ನಿಯಮಗಳಲ್ಲಿ ಅವಕಾಶವಿಲ್ಲ. ತಾವು ಸಹಿ ಮಾಡಿದ ಒಪ್ಪಿಗೆ ಪತ್ರದ ಮೂರನೆಯ ಪುಟದಲ್ಲಿ ಇದನ್ನು ವಿವರಿಸಲಾಗಿದೆ.

ವಾಹಿದಾ ಮೊಖ್ತಾರ್
ಲೆಕ್ಕಾಚಾರ ವಿಭಾಗ

(ಕೈಬರಹದಲ್ಲಿ) ಅಮ್ಮಾ, ನಮ್ಮ ವಿಭಾಗದಲ್ಲಿ ಜಾವಿ ಓದಲು ಬರುವವಳು ನಾನೊಬ್ಬಳೇ. ಹಾಗಾಗಿ ನಿಮ್ಮ ಕಾಗದ ನನ್ನ ಮೇಜಿಗೆ ಬಂತು. ಮೇಲಿನದು ಕಚೇರಿಯ ಮಾತು. ನನಗೆ ತುಂಬಾ ಬೇಸರವಾಯಿತು ಎಂಬುದು ನನ್ನ ಮಾತು.

*

ತುಂಪಾತ್
9 ಮಾರ್ಚ್ 2016

ಮಗಳೇ ವಾಹಿದಾ,

ಹೀಗೆ ಕರೆದರೆ ತಪ್ಪು ತಿಳಿಯಬೇಡ. ಕೆಳಗೆ ಬರೆದ ಎರಡು ಸಾಲನ್ನು ಓದಿದ ಮೇಲೆ ಹಾಗೇ ಕರೆಯಬೇಕೆನಿಸಿತು.

ಮೂರನೇ ಪುಟ ಹುಡುಕಿ ಓದಿಸಿಕೊಂಡೆ. ನೀನು ಹೇಳಿದ್ದು ಸರಿ, ಅಲ್ಲಿ ಹಾಗೇ ಇದೆ. ಸಹಿ ಹಾಕುವಾಗ ನಾವ್ಯಾರೂ ಓದಿರಲಿಲ್ಲ. ಓದಬಲ್ಲವಳೆಂದರೆ ನನ್ನ ನಿದಾ ಮಾತ್ರ, ಶಾಲೆಯಲ್ಲಿ ಗುಮಾಸ್ತೆಯಾಗಿದ್ದವಳು. ಅವಳೂ ಅವತ್ತು ತಮಾಷೆಯಲ್ಲೇ ಇದ್ದಳು. ತಕ್ಕಡಿ ಮೇಲೆ ನಿಂತಾಗ ಸಿಸ್ಟರ್ ಬರೆದುಕೊಳ್ಳುವವಳ ಕಿವಿಯ ಹತ್ತಿರ ಹೋಗಿ ಮೆಲ್ಲಗೆ ತೂಕ ಹೇಳಿದಳು. ನಿದಾ, "ಮೆಲ್ಲಗೆ ಯಾಕೆ ಹೇಳ್ತೀರಿ ಸಿಸ್ಟರ್, ಊರಿಗೆಲ್ಲ ಕಾಣಿಸ್ತಾನೇ ಇದೆಯಲ್ಲ" ಅಂದಳು. ಇಡೀ ಸಭಾಂಗಣ ನಕ್ಕಿತು. ಅವಳು ಹಾಗೆಯೇ. ಬೇರೆಯವರು ನಗುವ ಮೊದಲು ತಾನೇ ನಗಿಸಿಬಿಡುತ್ತಿದ್ದಳು.

ಹುಟ್ಟಿದಾಗ ಅವಳು ಎಲ್ಲ ಮಕ್ಕಳ ಹಾಗೇ ಇದ್ದಳು. ಐದನೇ ವರ್ಷದಿಂದ ದಪ್ಪವಾದಳು. ನಾನು ಅಕೋಕ್ ಮಾಡಿ ಮಾರುವವಳು. ಬಾತುಕೋಳಿ ಮೊಟ್ಟೆ, ತಾಳೆಬೆಲ್ಲ, ತೆಂಗಿನ ಹಾಲು, ಮೇಲೆ ಕೆಳಗೆ ಕೆಂಡ. ಮನೆ ತುಂಬ ಅದರದೇ ವಾಸನೆ. ಎಲ್ಲರೂ ಅಮ್ಮನ ಕೈ ಸಿಹಿಯೇ ಅವಳನ್ನು ಉಬ್ಬಿಸಿತು ಅಂದರು. ಆದರೆ ಅದೇ ಮನೆಯಲ್ಲಿ ಅದನ್ನೇ ತಿಂದ ನನ್ನ ಗಂಡ ಸಾಯುವ ತನಕ ದೋಣಿಯ ಹುಟ್ಟಿನ ಹಾಗೆ ಸಣಕಲಾಗಿದ್ದರು.

ಮಗಳು ಬಲ್ಕಿಸ್ ಹೊಟ್ಟೆಯಲ್ಲಿದ್ದಾಗ ನಿದಾಳಿಗೆ ಸಕ್ಕರೆ ಕಾಯಿಲೆ ಬಂತು. ಹೆರಿಗೆಯಾದ ಮೇಲೂ ಹೋಗಲಿಲ್ಲ. ಆಮೇಲೆ ಬಿ.ಪಿ., ಆಮೇಲೆ ಕಿಡ್ನಿ, ಕೊನೆಗೆ ಹೃದಯ. ನಿಮ್ಮವರು ಸಭಾಂಗಣದಲ್ಲಿ ಬೆರಳು ಮಡಿಚಿ ಹೇಳಿದ್ದರಲ್ಲ, ಅದೇ ವರಸೆಯಲ್ಲಿ. ಅವಳನ್ನು ಹೊರುವಾಗ ಮುಂದಿದ್ದವರೊಬ್ಬರು "ಇನ್ನಿಬ್ಬರು ಬನ್ರಪ್ಪಾ" ಅಂದರು. ತಪ್ಪೇನಿಲ್ಲ, ಭಾರ ಇತ್ತು. ಆದರೂ ಆ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ.

ಬಲ್ಕಿಸಳಿಗೆ ಈಗ ಆರು ವರ್ಷ. ನನ್ನ ಹತ್ತಿರವೇ ಇದ್ದಾಳೆ.

ನೀನು ಇಪ್ಪತ್ತೆರಡು ಸಾವಿರ ಅಂದೆ. ನನಗೆ ಇದ್ದವಳು ಒಬ್ಬಳೇ. ಆ ಇಪ್ಪತ್ತೆರಡು ಸಾವಿರದಲ್ಲಿ ಅವಳೂ ಇದ್ದಾಳೆ ತಾನೆ? ನೋಡಿ ಹೇಳಲು ಆಗದಿದ್ದರೆ ಬೇಡ. ನಿನಗೆ ತೊಂದರೆಯಾಗಬಾರದು.

ಸೆಲಾಮಾ

*

ಕ್ವಾಲಾಲಂಪುರ
17 ಏಪ್ರಿಲ್ 2016

ಪ್ರೀತಿಯ ಅಮ್ಮ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ. ಇನ್ನು ಮುಂದೆ ಕವರಿನ ಹಿಂದಿರುವ ಈ ವಿಳಾಸಕ್ಕೇ ಬರೆಯಿರಿ. ಈ ಕಾಗದವನ್ನು ಯಾರಿಗೂ ತೋರಿಸಬೇಡಿ, ಯಾರ ಕೈಯಲ್ಲೂ ಓದಿಸಬೇಡಿ. ಅದಕ್ಕೇ ನನಗೆ ಬರುವಷ್ಟು ಜಾವಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ನಾನು ನೋಡಿದೆ. ನೋಡಬಾರದಿತ್ತು, ಆದರೆ ಮೂರು ವಾರ ನಿಮ್ಮ ಕಾಗದ ಚೀಲದಲ್ಲೇ ಇಟ್ಟುಕೊಂಡು ತಿರುಗಿದ ಮೇಲೆ ನೋಡದೆ ಇರಲಾಗಲಿಲ್ಲ.

ನಮ್ಮ ಕೆಲಸ ಇಷ್ಟು: ಒಬ್ಬೊಬ್ಬರ ರಕ್ತದಲ್ಲೂ ಅಪ್ಪ ಅಮ್ಮನಿಂದ ಬಂದ ಲಕ್ಷಾಂತರ ಗುರುತುಗಳಿರುತ್ತವೆ. ಯಾವ ಗುರುತು ಇರುವವರು ಹೆಚ್ಚು ದಪ್ಪವಾಗುತ್ತಾರೆ, ಅವೇ ಗುರುತುಗಳು ಸಕ್ಕರೆ ಕಾಯಿಲೆಯವರಲ್ಲೂ, ಕಿಡ್ನಿ ಹೋದವರಲ್ಲೂ ಇವೆಯೇ ಎಂದು ಕಂಪ್ಯೂಟರ್ ಹೋಲಿಸುತ್ತದೆ. ಒಂದೊಂದು ಗುರುತಿನ ಪ್ರಭಾವ ಒಂದು ಅಕ್ಕಿಕಾಳಿನಷ್ಟು. ಎಲ್ಲ ಕೂಡಿಸಿದಾಗ ಕೆಲವರ ಪಾಲಿಗೆ ಹಿಡಿಯಷ್ಟು ಬರುತ್ತದೆ, ಕೆಲವರ ಪಾಲಿಗೆ ಮೂಟೆಯಷ್ಟು.

ಹಸ್ನಿದಾ ಅಕ್ಕನ ಪಾಲಿಗೆ ಮೂಟೆ ಬಂದಿತ್ತು ಅಮ್ಮ. ನೂರು ಜನರನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರೆ ಅವರದು ತೊಂಬತ್ತೊಂಬತ್ತನೇ ಜಾಗ. ನಮಗೆ ಊಟ ಮಾಡುತ್ತಿದ್ದಂತೆ ಸಾಕು ಅನಿಸುತ್ತದಲ್ಲ, ಅಂಥವರಿಗೆ ಆ ಸಾಕು ತಡವಾಗಿ ಬರುತ್ತದೆ, ಬಂದರೂ ಬೇಗ ಹೋಗುತ್ತದೆ. ಅದು ಆಸೆಬುರುಕತನವಲ್ಲ. ನಿಮ್ಮ ಅಕೋಕ್ ಅವರನ್ನು ಕೊಲ್ಲಲಿಲ್ಲ. ಯಾರಾದರೂ ಹಾಗೆ ಹೇಳಿದ್ದರೆ ಅವರಿಗೆ ಗೊತ್ತಿಲ್ಲದೆ ಹೇಳಿದ್ದಾರೆ.

ನನ್ನ ತಾಯಿ ಮುವಾರಿನಲ್ಲಿದ್ದಾರೆ, ಅವರಿಗೂ ಸಕ್ಕರೆ ಕಾಯಿಲೆ. ಪ್ರತಿ ಸಲ ಫೋನಿನಲ್ಲಿ "ಏನು ತಿಂದೆ, ಯಾಕೆ ತಿಂದೆ" ಅಂತ ಗದರುತ್ತೇನೆ. ನಿಮಗೆ ಇದನ್ನು ಬರೆಯುವಾಗ ಅದು ನೆನಪಾಗಿ ನಾಚಿಕೆಯಾಯಿತು.

ನಿಮ್ಮ ವಾಹಿದಾ

*

ತುಂಪಾತ್
2 ಮೇ 2016

ಮಗಳೇ,

ನಿನ್ನ ಕಾಗದವನ್ನು ಯಾಸೀನ್ ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟಿದ್ದೇನೆ. ಯಾರಿಗೂ ತೋರಿಸುವುದಿಲ್ಲ. ಈ ಬಸ್ಸಿನಲ್ಲಿ ಒಂದು ಸೀಸೆ ಬುಡು ಕಳಿಸಿದ್ದೇನೆ, ನಮ್ಮ ಕಡಲಿನ ಮೀನಿನದು, ಚೆನ್ನಾಗಿ ಕಳಿತಿದೆ. ಅಂಗಡಿಯದಕ್ಕೆ ಈ ರುಚಿ ಇರುವುದಿಲ್ಲ.

ಒಂದು ಮಾತು ಕೇಳಬೇಕು. ಹುಟ್ಟಿನಿಂದಲೇ ರಕ್ತದಲ್ಲಿ ಇತ್ತು ಅಂದೆ. ಹಾಗಾದರೆ ಕಡಿಮೆ ತಿಂದಿದ್ದರೂ ಉಳಿಯುತ್ತಿರಲಿಲ್ಲವೇ? ಸಮಯವಿದ್ದಾಗ ಬರೆ. ಇದೊಂದೇ ಕೇಳುವುದು.

ಸೆಲಾಮಾ

*

ಕ್ವಾಲಾಲಂಪುರ
20 ಮೇ 2016

ಪ್ರೀತಿಯ ಅಮ್ಮ,

ಬುಡು ಬಂತು. ನನ್ನ ಕೋಣೆಯಲ್ಲಿರುವ ಇಬ್ಬರು ಗೆಳತಿಯರು ಮೂಗು ಮುಚ್ಚಿಕೊಂಡು ಓಡಿದರು. ನಾನೊಬ್ಬಳೇ ಹಸಿ ಸೌತೆಕಾಯಿ ಹೆಚ್ಚಿಕೊಂಡು ಅದ್ದಿ ಅದ್ದಿ ತಿಂದೆ.

ನಿಮ್ಮ ಪ್ರಶ್ನೆ ಓದಿ ಸಂಕಟವಾಯಿತು. ಇನ್ನೂ ನಿಮ್ಮನ್ನೇ ದೂಷಿಸಿಕೊಳ್ಳುತ್ತಿದ್ದೀರಿ. ದಯವಿಟ್ಟು ಬಿಡಿ. ಅವರು ಎಷ್ಟು ಕಡಿಮೆ ತಿಂದಿದ್ದರೂ ಕೊನೆ ಇದೇ ಆಗುತ್ತಿತ್ತು. ನೀವು ಇನ್ನೊಂದು ತುತ್ತು ಬಡಿಸಿದ್ದಕ್ಕೆ ಏನೂ ಆಗಲಿಲ್ಲ, ಬಡಿಸದಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಈ ಭಾರವನ್ನು ಇಳಿಸಿ, ಬಲ್ಕಿಸ್ ಜೊತೆ ನೆಮ್ಮದಿಯಾಗಿರಿ.

ನಿಮ್ಮ ವಾಹಿದಾ

*

ತುಂಪಾತ್
11 ಜುಲೈ 2016

ಮಗಳೇ ವಾಹಿದಾ,

ರಂಜಾನ್ ಹಬ್ಬದ ಶುಭಾಶಯ, ನನ್ನ ತಪ್ಪುಗಳನ್ನೆಲ್ಲ ಮನ್ನಿಸು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಆಗಲಿಲ್ಲ.

ಹಬ್ಬಕ್ಕೆ ಅಳಿಯ ಮಜ್ಲಾನ್ ಕುವಾಂತಾನಿನಿಂದ ಬಂದಿದ್ದ. ನಿದಾ ಹೋಗಿ ಏಳು ತಿಂಗಳಿಗೆ ಅಲ್ಲಿ ಮದುವೆಯಾದ. ಆಗಲಿ, ಗಂಡಸು, ವಯಸ್ಸಿದೆ. ಈಗ ಬಲ್ಕಿಸಳನ್ನು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಅವನಿಗಿಂತ ಹೆಚ್ಚಾಗಿ ಅವನ ಅಕ್ಕ ರಫಿಯಾ ಅನ್ನುತ್ತಾಳೆ. "ನಿಮ್ಮ ಅಡುಗೆಮನೆ ಒಬ್ಬಳನ್ನ ತಿಂದಿದ್ದು ಸಾಲ್ದಾ?" ಎಂದು ಹಬ್ಬದ ದಿನ ನನ್ನ ಮನೆಯಲ್ಲೇ ಕೂತು ಕೇಳಿದಳು. ಬಲ್ಕಿಸ್ ಸ್ವಲ್ಪ ದಪ್ಪವೇ, ಅಮ್ಮನ ಹಾಗೆ. ಶಾಲೆಯಿಂದ ಒಂದು ಚೀಟಿಯೂ ಬಂದಿದೆ.

ಹಜ್ ಹಬ್ಬ ಕಳೆದ ಮೊದಲ ಶುಕ್ರವಾರ ಊರ ಮುಖಂಡ ಪೆಂಗುಲು ಅವರ ಮನೆಯಲ್ಲಿ ಎರಡೂ ಕಡೆಯವರನ್ನು ಕೂರಿಸಿ ತೀರ್ಮಾನ ಹೇಳುತ್ತಾರೆ. ಅವರು ಒಳ್ಳೆಯವರು, ಊರಿನ ಹಿರಿಯರು. "ನಿನ್ನ ಅಡುಗೆಯಿಂದ ಅಲ್ಲ ಅನ್ನೋದಕ್ಕೆ ತಿಳಿದವರ ಕಾಗದ ಏನಾದ್ರೂ ಇದ್ರೆ ತಾ ಸೆಲಾಮಾ, ನನಗೂ ಹೇಳೋಕೆ ಒಂದು ದಾರಿಯಾಗುತ್ತೆ" ಅಂದರು.

ನೀನು ಏಪ್ರಿಲ್‌ನಲ್ಲಿ ನನಗೆ ಬರೆದದ್ದನ್ನೇ ಕಚೇರಿಯ ಹಾಳೆಯಲ್ಲಿ, ಮೊಹರು ಹಾಕಿ ಬರೆದು ಕೊಡಲು ಆಗುತ್ತದೆಯೇ? ಹೆಚ್ಚೇನೂ ಬೇಡ, ಎರಡು ಸಾಲು. ಮೊದಲ ಕಾಗದ ಬರೆಯುವಾಗಲೇ ರಫಿಯಾ ಮಾತು ಶುರುವಾಗಿತ್ತು, ನಿನಗೆ ಹೇಳಿರಲಿಲ್ಲ. ಸ್ವಾರ್ಥಕ್ಕೆ ಕೇಳುತ್ತಾಳೆ ಅಂದುಕೊಳ್ಳಬೇಡ.

ಸೆಲಾಮಾ

*

ತುಂಪಾತ್
28 ಆಗಸ್ಟ್ 2016

ಮಗಳೇ,

ಹೋದ ಸಲದ ಕಾಗದ ಸಿಕ್ಕಿತೋ ಇಲ್ಲವೋ. ಅಂಚೆಯವನನ್ನು ದಿನಾ ಕೇಳುತ್ತಿದ್ದೇನೆ. ಇನ್ನು ಹತ್ತೊಂಬತ್ತು ದಿನ ಇದೆ. ಮೊಹರು ಆಗದಿದ್ದರೆ ನಿನ್ನ ಹೆಸರಾದರೂ ಸಾಕು. ಅದೂ ಆಗದಿದ್ದರೆ ಆಗುವುದಿಲ್ಲ ಅಂತ ಒಂದು ಸಾಲು ಹಾಕು, ಬೇರೆ ಏನಾದರೂ ಯೋಚಿಸುತ್ತೇನೆ.

ಸೆಲಾಮಾ

*

ಕ್ವಾಲಾಲಂಪುರ
28 ನವೆಂಬರ್ 2016

ಪ್ರೀತಿಯ ಅಮ್ಮ,

ಇಷ್ಟು ದಿನ ಬರೆಯದ್ದಕ್ಕೆ ಹೇಗೆ ಕ್ಷಮೆ ಕೇಳಲಿ. ನನಗೆ ಆರೋಗ್ಯ ಸರಿಯಿರಲಿಲ್ಲ, ಆಮೇಲೆ ಕೆಲಸದ ಒತ್ತಡ.

ಒಂದು ಸಂತೋಷದ ಸುದ್ದಿ. ನಮ್ಮ ಅಧ್ಯಯನ ಹೊರಗೆ ಬಂತು. ಬೊಜ್ಜಿಗೂ ಸಕ್ಕರೆ, ಹೃದಯ, ಕಿಡ್ನಿ ಕಾಯಿಲೆಗಳಿಗೂ ನಡುವೆ ನೂರಾರು ಗುರುತುಗಳು ಸಮಾನವಾಗಿವೆ ಎಂದು ಈ ಭಾಗದ ಜನರಲ್ಲಿ ಇಷ್ಟು ದೊಡ್ಡ ಮಟ್ಟದಲ್ಲಿ ತೋರಿಸಿದ್ದು ಇದೇ ಮೊದಲು ಎನ್ನುತ್ತಿದ್ದಾರೆ. ಬರೆದವರ ಪಟ್ಟಿಯಲ್ಲಿ ನನ್ನದು ಮೂರನೆಯ ಹೆಸರು. ಅದನ್ನು ನೋಡಿದಾಗ ಮೊದಲು ನೆನಪಾದದ್ದು ಹಸ್ನಿದಾ ಅಕ್ಕ. ಆ ಸಂಖ್ಯೆಗಳಲ್ಲಿ ಅವರೂ ಇದ್ದಾರೆ, ನೀವೂ ಇದ್ದೀರಿ.

ಪೆಂಗುಲು ಅವರ ಮನೆಯ ಮಾತುಕತೆ ಏನಾಯಿತು? ಅವರು ಒಳ್ಳೆಯವರು ಎಂದು ಬರೆದಿದ್ದಿರಿ, ನಿಮ್ಮ ಕಡೆಗೇ ತೀರ್ಮಾನವಾಗಿರಬೇಕು ಅಂದುಕೊಂಡಿದ್ದೇನೆ. ಬಲ್ಕಿಸಳಿಗೆ ಈ ಪೊಟ್ಟಣದಲ್ಲಿ ಬಣ್ಣದ ಪೆನ್ಸಿಲ್ ಕಳಿಸಿದ್ದೇನೆ.

ನಿಮ್ಮ ವಾಹಿದಾ

*

ತುಂಪಾತ್
14 ಡಿಸೆಂಬರ್ 2016

ಮಗಳೇ ವಾಹಿದಾ,

ನೀನು ಹುಷಾರಾದದ್ದು ಕೇಳಿ ಸಮಾಧಾನವಾಯಿತು. ನಿನ್ನ ಹೆಸರು ಬಂದದ್ದೂ ಸಂತೋಷ. ಪೆನ್ಸಿಲ್ ನನ್ನ ಹತ್ತಿರವೇ ಇದೆ. ಬಲ್ಕಿಸ್ ಇಲ್ಲಿಲ್ಲ. ಸೆಪ್ಟೆಂಬರಿನಲ್ಲೇ ಕುವಾಂತಾನಿಗೆ ಹೋದಳು.

ಹೇಗಾಯಿತೆಂದು ಬರೆಯುತ್ತೇನೆ, ಯಾರಿಗೂ ಪೂರ್ತಿ ಹೇಳಿಲ್ಲ.

ಪೆಂಗುಲು ಅವರ ಮುಂಬಾಗಿಲ ಜಗಲಿಯಲ್ಲಿ ಚಾಪೆ ಹಾಸಿದ್ದರು. ಇಮಾಮರು ಇದ್ದರು. ಮಜ್ಲಾನ್ ತಲೆ ಎತ್ತಲಿಲ್ಲ. ರಫಿಯಾಳೇ ಮಾತಾಡಿದಳು. "ತಿನ್ನಿಸಿ ತಿನ್ನಿಸಿ ಕೊಂದ್ರು. ನಾವು ನೋಡಿಲ್ವಾ? ಈಗ ಈ ಮಗೂಗೂ ಅದೇ ಗತಿ ಕಾಣಿಸ್ಬೇಕಾ? ಆರು ವರ್ಷಕ್ಕೆ ಮೂವತ್ತೆಂಟು ಕಿಲೋ" ಎಂದು ಶಾಲೆಯ ಚೀಟಿಯನ್ನು ಪೆಂಗುಲು ಮುಂದೆ ಇಟ್ಟಳು. ಬಲ್ಕಿಸ್ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು, ಚಪ್ಪಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು.

ಪೆಂಗುಲು ನನ್ನ ಕಡೆ ತಿರುಗಿ, "ಸೆಲಾಮಾ, ಅದ್ಯಾವುದೋ ಕಾಗದ ಬರುತ್ತೆ ಅಂದಿದ್ದೆಯಲ್ಲ, ಬಂತಾ?" ಅಂದರು.

"ಬರ್ಲಿಲ್ಲ" ಅಂದೆ.

ನಿನ್ನ ಏಪ್ರಿಲ್ ಕಾಗದ ನನ್ನ ಚೀಲದಲ್ಲೇ ಇತ್ತು, ಪುಸ್ತಕದೊಳಗೆ. ಎರಡು ಸಲ ಕೈ ಹೋಯಿತು. ಇಮಾಮರಿಗೆ ಜಾವಿ ಓದಲು ಬರುತ್ತದೆ. ಅವರು ಜೋರಾಗಿ ಓದಿದ್ದರೆ ಸಾಕಾಗಿತ್ತು. ಯಾರಿಗೂ ತೋರಿಸಬೇಡಿ ಅಂದಿದ್ದೆಯಲ್ಲ. ನಿನ್ನ ಕೆಲಸಕ್ಕೆ ಕುತ್ತು ಬರುತ್ತದೇನೋ ಅನಿಸಿ ತೆಗೆಯಲಿಲ್ಲ.

ಆದರೆ ಅದೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ರಫಿಯಾ "ತಿನ್ನಿಸಿ ಕೊಂದ್ರು" ಅಂದಾಗ, ಅಲ್ಲ ಎಂದು ಹೇಳಲು ನನ್ನ ಹತ್ತಿರ ಬೇರೆಯೇ ಮಾತಿತ್ತು. ಅದನ್ನು ಆ ಮಗುವಿನ ಮುಂದೆ ಆಡಲಾಗಲಿಲ್ಲ.

ನಿದಾಳ ಕೊನೆಯ ಒಂದು ವರ್ಷ ನಾನು ಅವಳನ್ನು ಹಸಿವಿನಲ್ಲಿ ಇಟ್ಟಿದ್ದೆ. ದೊಡ್ಡಾಸ್ಪತ್ರೆಯ ಡಾಕ್ಟರು ಅರ್ಧ ಬಟ್ಟಲು ಅನ್ನ, ಉಪ್ಪಿಲ್ಲ, ಬುಡು ಇಲ್ಲ, ತೆಂಗಿನ ಹಾಲಿಲ್ಲ, ನೀರೂ ಅಳತೆಯಲ್ಲಿ ಅಂದಿದ್ದರು. "ಇಷ್ಟಾದ್ರೂ ಮಾಡಿದ್ರೆ ಸ್ವಲ್ಪ ದಿನ ಸಿಗುತ್ತಮ್ಮ" ಅಂದಿದ್ದರು. ಅವಳ ಕೈಯಲ್ಲಿ ಆಗುತ್ತಿರಲಿಲ್ಲ. ಕದ್ದು ತಿನ್ನುತ್ತಿದ್ದಳು. ನಾನು ಅಡುಗೆಮನೆಯ ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡೆ. ಕೀಲಿ ಸದ್ದು ಕೇಳಿದರೆ ಅವಳು ಮಲಗಿದಲ್ಲಿಂದಲೇ ಕತ್ತು ಎತ್ತಿ ನೋಡುತ್ತಿದ್ದಳು. "ಅಮ್ಮಾ, ನಾನೇನು ಬೆಕ್ಕಾ?" ಎಂದು ಒಂದು ದಿನ ಕೇಳಿದಳು. ನಗಿಸಲೆಂದೇ ಕೇಳಿದಳು. ನಾನು ನಗಲಿಲ್ಲ.

ಅವಳು ಹೋದ ದಿನ ಮಧ್ಯಾಹ್ನ, "ಬಿಸಿ ಅನ್ನಕ್ಕೆ ಒಂದು ಹನಿ ಬುಡು ಹಾಕಿ ಒಂದೇ ತುತ್ತು ಕೊಡಮ್ಮ, ಇನ್ನು ಕೇಳಲ್ಲ" ಅಂದಳು. "ನಿನ್ನ ಮಗಳ ಮುಖ ನೋಡಿಯಾದ್ರೂ ಸುಮ್ನಿರೇ" ಎಂದು ಗದರಿದೆ. ಅವಳು ಗೋಡೆ ಕಡೆ ತಿರುಗಿದಳು. ನಾನು ಹಿತ್ತಿಲಿಗೆ ಹೋಗಿ ಕೆಂಡ ಹಾಕಿ, ಊರವರು ಸಂಜೆ ಉಪವಾಸ ಬಿಡಲು ಕೊಂಡುಹೋಗುವ ಅಕೋಕ್ ಸುಟ್ಟೆ. ಎಂಟು ಒಬ್ಬೆ ಇಳಿಸಿ ಒಳಗೆ ಬಂದಾಗ ಅವಳಿರಲಿಲ್ಲ.

ನಿನ್ನನ್ನು ಮೇ ತಿಂಗಳಲ್ಲಿ ಕೇಳಿದ್ದು ಇದಕ್ಕೆ. ನಾನು ಹೆಚ್ಚು ತಿನ್ನಿಸಿದೆನೇ ಅಂತ ಅಲ್ಲ. ನೀನು ಬರೆದೆ, ಎಷ್ಟು ಕಡಿಮೆ ತಿಂದಿದ್ದರೂ ಕೊನೆ ಇದೇ ಅಂತ. ಬಡಿಸದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಅಂತ. ಹಾಗಾದರೆ ಆ ಒಂದು ವರ್ಷ ನಾನು ಅವಳಿಗೆ ಮಾಡಿದ್ದು ಏನು? ಆ ಬೀಗ ಯಾತಕ್ಕೆ? ಏನೂ ಬದಲಾಗದಿದ್ದರೆ ಆ ತುತ್ತನ್ನು ಕೊಡಬಹುದಿತ್ತಲ್ಲ.

ಆ ಕಾಗದ ಓದಿದ ದಿನದಿಂದ ನನಗೆ ಒಲೆ ಹಚ್ಚುವುದು ಕಷ್ಟವಾಗಿದೆ. ನೀನು ಒಳ್ಳೆಯದಕ್ಕೇ ಬರೆದೆ, ಗೊತ್ತು. ಪ್ರಶ್ನೆಯನ್ನು ನಾನೇ ಸರಿಯಾಗಿ ಕೇಳಲಿಲ್ಲ.

ಬಲ್ಕಿಸ್ ಹೋಗುವಾಗ ಅಳಲಿಲ್ಲ. ಕಾರಿನಲ್ಲಿ ಕೂತು, "ಅಜ್ಜಿ, ನಾನು ಸಣ್ಣ ಆದ್ಮೇಲೆ ವಾಪಸ್ ಬರ್ಬಹುದಾ?" ಎಂದು ಕೇಳಿದಳು.

ಸೆಲಾಮಾ

*

ಕ್ವಾಲಾಲಂಪುರ
3 ಜನವರಿ 2017

ಅಮ್ಮ,

ನನಗೆ ಕಾಯಿಲೆ ಇರಲಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಹೆಸರುಗಳಿರುವ ಕಡತವನ್ನು ಯಾರು ಯಾವಾಗ ತೆರೆದರೆಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಜೂನ್ ತಿಂಗಳಲ್ಲಿ ಅದು ಗೊತ್ತಾಯಿತು. ನನ್ನನ್ನು ಕರೆದು ಕೇಳಿದರು. ಕುತೂಹಲಕ್ಕೆ ನೋಡಿದೆ, ಯಾರಿಗೂ ಹೇಳಿಲ್ಲ ಎಂದು ಸುಳ್ಳು ಹೇಳಿದೆ. ರಕ್ತ ಕೊಟ್ಟ ಯಾರ ಜೊತೆಗೂ ಸಂಪರ್ಕ ಇಟ್ಟುಕೊಳ್ಳಬಾರದೆಂದು ಬರೆಸಿಕೊಂಡರು. ಆಮೇಲೆ ನಿಮ್ಮ ಜುಲೈ ಕಾಗದ ಬಂತು. ಓದಿ ಮೇಜಿನ ಖಾನೆಯಲ್ಲಿ ಇಟ್ಟೆ. ಆಗಸ್ಟಿನದನ್ನು ಒಡೆಯಲೇ ಇಲ್ಲ. ಒಳಗೆ ಏನಿದೆಯೆಂದು ಗೊತ್ತಿತ್ತು. ನಿಮ್ಮ ಡಿಸೆಂಬರಿನ ಕಾಗದ ಬಂದ ಮೇಲೆ ಒಡೆದೆ. ಆಗುವುದಿಲ್ಲ ಅಂತ ಒಂದು ಸಾಲು ಹಾಕು ಎಂದು ಬರೆದಿದ್ದಿರಿ. ಆ ಒಂದು ಸಾಲನ್ನೂ ನಾನು ಬರೆಯಲಿಲ್ಲ.

ಹೋದ ವಾರ ನಿರ್ದೇಶಕರ ಹತ್ತಿರ ಹೋಗಿ ಎಲ್ಲ ಹೇಳಿದೆ. ನನ್ನನ್ನು ಈ ಅಧ್ಯಯನದಿಂದ ತೆಗೆದಿದ್ದಾರೆ. ಅದು ನ್ಯಾಯವೇ. ಎದ್ದು ಬರುವಾಗ ಅವರು ಒಂದು ಮಾತು ಹೇಳಿದರು: "ಯಾರ ಹೆಸರೂ ಇಲ್ಲದೆ, ಸಾಮಾನ್ಯವಾಗಿ ಒಂದು ಕಾಗದ ಬೇಕು ಅಂದಿದ್ರೆ ನಾನೇ ಸಹಿ ಹಾಕಿ ಕೊಡ್ತಿದ್ದೆ. ಅದಕ್ಕೆ ಯಾವ ನಿಯಮಾನೂ ಅಡ್ಡ ಬರಲ್ಲ. ನೀನು ಕೇಳ್ಬೇಕಿತ್ತು." ಅಲ್ಲೇ ಕೂತು ಸಹಿ ಮಾಡಿ ಕೊಟ್ಟರು. ಇದರ ಜೊತೆ ಇಟ್ಟಿದ್ದೇನೆ. ಬೊಜ್ಜು ಮತ್ತು ಅದರ ಜೊತೆಯ ಕಾಯಿಲೆಗಳ ಹಿಂದೆ ವಂಶದಿಂದ ಬರುವ ಕಾರಣಗಳಿವೆ, ಒಬ್ಬರ ಅಡುಗೆಯ ಮೇಲೆ ಇದನ್ನು ಹೊರಿಸಲಾಗದು ಎಂದಿದೆ. ಮೊಹರಿದೆ. ಜುಲೈಯಲ್ಲಿ ಒಂದು ಬಾಗಿಲು ತಟ್ಟಿದ್ದರೆ ಸಿಗುತ್ತಿದ್ದ ಕಾಗದ.

ಇನ್ನೊಂದು. ಮೇ ತಿಂಗಳಲ್ಲಿ ನಾನು ಬರೆದದ್ದು ನನಗೆ ಗೊತ್ತಿದ್ದ ವಿಷಯವಲ್ಲ. ನಿಮಗೆ ಸಮಾಧಾನವಾಗಲಿ ಎಂದು ಬರೆದೆ. ಸಾವಿರಾರು ಜನರ ಬಗ್ಗೆ ಲೆಕ್ಕ ಏನೋ ಹೇಳುತ್ತದೆ, ಒಬ್ಬರ ಬಗ್ಗೆ ಅದಕ್ಕೆ ಬಾಯಿಲ್ಲ. ಹಸ್ನಿದಾ ಅಕ್ಕನಷ್ಟೇ ಭಾರ ಬಂದವರಲ್ಲಿ ಎಪ್ಪತ್ತು ವರ್ಷ ಬದುಕಿದವರೂ ನಮ್ಮ ಪಟ್ಟಿಯಲ್ಲಿದ್ದಾರೆ. ಡಾಕ್ಟರು ಹೇಳಿದ್ದನ್ನು ನೀವು ಮಾಡಿದಿರಿ. ಅದರಿಂದ ಅವರಿಗೆ ಕೆಲವು ತಿಂಗಳು ಹೆಚ್ಚು ಸಿಕ್ಕಿರಬಹುದು. ಸಿಕ್ಕಿಲ್ಲದೆಯೂ ಇರಬಹುದು. ನನಗೆ ಗೊತ್ತಿಲ್ಲ ಅಮ್ಮ. ಮೊದಲ ದಿನವೇ ಹೇಳಬೇಕಿದ್ದ ಮಾತು ಇದೊಂದೇ ಆಗಿತ್ತು.

ನನ್ನನ್ನು ಮಗಳೇ ಎಂದು ಕರೆಯಬೇಡಿ.

ವಾಹಿದಾ

*

ತುಂಪಾತ್
19 ಮಾರ್ಚ್ 2017

ವಾಹಿದಾ,

ನೀನು ಬೇಡ ಅಂದಿದ್ದೀಯ, ಅದಕ್ಕೇ ಹೆಸರು ಹಿಡಿದು ಬರೆಯುತ್ತಿದ್ದೇನೆ. ಕೋಪ ಇತ್ತು. ಎರಡು ತಿಂಗಳು ಬರೆಯದೇ ಇದ್ದದ್ದು ಅದಕ್ಕೆ. ಈಗ ಅಷ್ಟಿಲ್ಲ. ನೀನೂ ಹೆದರಿದೆ, ನಾನೂ ಹೆದರಿದ್ದೆ.

ಮೊಹರು ಹಾಕಿದ ಕಾಗದವನ್ನು ಪೆಂಗುಲು ಅವರಿಗೆ ತೋರಿಸಿದೆ. ಎರಡು ಸಲ ಓದಿ, "ಈಗ ಮಗೂನ ಶಾಲೆಗೂ ಅಲ್ಲೇ ಸೇರಿಸಿದಾರಲ್ಲ ಸೆಲಾಮಾ" ಅಂದರು. ಅವರಿಗೂ ಬೇಜಾರಾಯಿತು. ಆಮೇಲೆ ಅದನ್ನು ಮಜ್ಲಾನನಿಗೆ ಅಂಚೆಯಲ್ಲಿ ಕಳಿಸಿದೆ. ನೋಡಿದರೆ ಮನಸ್ಸು ಬದಲಾಗಬಹುದೇನೋ ಅಂದುಕೊಂಡೆ.

ಹೋದ ವಾರ ಕುವಾಂತಾನಿಗೆ ಹೋಗಿದ್ದೆ. ಮಜ್ಲಾನನ ಹೊಸ ಹೆಂಡತಿ ಕೆಟ್ಟವಳಲ್ಲ. ಚಹಾ ಕೊಟ್ಟಳು, ಉಳಿದುಕೊಳ್ಳಿ ಅಂದಳು. ಅವರ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ನಿಮ್ಮ ಕಾಗದವನ್ನು ಪ್ಲಾಸ್ಟಿಕ್ ಹಾಕಿಸಿ ಅಂಟಿಸಿದ್ದಾರೆ. ವಂಶದಿಂದ ಬರುತ್ತದೆ ಅನ್ನುವ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ರಫಿಯಾ ಎರಡು ಮನೆ ಆಚೆ ಇರುವುದು. ನಾನು ಬಂದದ್ದು ತಿಳಿದು ಬಂದಳು. "ನೋಡಿ, ನೀವು ಕಳಿಸಿದ್ದು ಒಳ್ಳೇದಾಯ್ತು. ನಾವು ಬರೀ ತಿಂಡಿ ಅಂದ್ಕೊಂಡಿದ್ವಿ. ಇದು ರಕ್ತದಲ್ಲೇ ಇದ್ಯಂತೆ. ಈಗಿನಿಂದ ಬಿಗಿ ಹಿಡೀದೇ ಇದ್ರೆ ಮಗು ಕೈಗೆ ಸಿಗಲ್ಲ" ಅಂದಳು. ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಹೆದರಿದ್ದಾಳೆ.

ಬಲ್ಕಿಸ್ ಸಣ್ಣಗಾಗಿದ್ದಾಳೆ. ಕೆನ್ನೆ ಇಳಿದು ನಿದಾಳ ಮುಖ ಹೋಗಿ ಬೇರೆ ಯಾರದೋ ಮುಖ ಬಂದಿದೆ. ಮಧ್ಯಾಹ್ನ ಪುಟ್ಟ ಡಬ್ಬಿಯಲ್ಲಿ ಅಳೆದಿಟ್ಟದ್ದನ್ನು ತಿಂದಳು. ಮುಗಿದ ಮೇಲೂ ಚಮಚದಿಂದ ಡಬ್ಬಿಯ ಮೂಲೆಗಳನ್ನು ಕೆರೆಯುತ್ತಿದ್ದಳು, ಸದ್ದಾಗದ ಹಾಗೆ.

ಮಧ್ಯಾಹ್ನದ ಕುರಾನ್ ಪಾಠಕ್ಕೆ ಅವಳನ್ನು ನಾನೇ ನಡೆಸಿಕೊಂಡು ಹೋದೆ. ರಸ್ತೆ ಬದಿಯ ಗೋಡೆಯ ನೆರಳಿನಲ್ಲಿ ನನ್ನ ಬೆರಳು ಹಿಡಿದುಕೊಂಡು ಬರುತ್ತಿದ್ದಳು.

"ಅಜ್ಜಿ, ಒಂದು ಕೇಳ್ಲಾ? ಅತ್ತೆಗೆ ಹೇಳ್ಬಾರ್ದು."

"ಕೇಳು."

"ಫ್ರಿಜ್ ಮೇಲಿರೋ ಕಾಗದ ನಾನೂ ಓದ್ದೆ. ಅಮ್ಮನ ರಕ್ತದಲ್ಲಿದ್ದದ್ದು ನನ್ನ ರಕ್ತದಲ್ಲೂ ಇದ್ಯಂತೆ. ನಾನೂ ಅಮ್ಮನ ಥರ ಸಾಯ್ತೀನಾ?"

ನಾನು ನಿಂತೆ. ಅವಳೂ ನಿಂತಳು. ನೀನು ಬರೆದದ್ದೆಲ್ಲ ತಲೆಯಲ್ಲಿ ಬಂತು. ಅಕ್ಕಿಕಾಳು, ಮೂಟೆ, ನೂರು ಜನರ ಸಾಲು, ನನಗೆ ಗೊತ್ತಿಲ್ಲ ಅಮ್ಮ ಎಂಬ ಮಾತು. ಅದರಲ್ಲಿ ಯಾವುದನ್ನು ಏಳು ವರ್ಷದ ಮಗುವಿಗೆ ಹೇಳಲಿ?

"ಇಲ್ಲ" ಅಂದೆ.

"ನಿಜ್ವಾಗ್ಲೂ?"

"ನಿಜ್ವಾಗ್ಲೂ."

ಅವಳು ನನ್ನ ಬೆರಳು ಬಿಟ್ಟು ಪಾಠದ ಮನೆಯ ಕಡೆ ಓಡಿದಳು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ, ಒಳಗೆ ಹೋದಳು. ನಾನು ಅಲ್ಲಿಂದಲೇ ಬಸ್ ಹತ್ತಿದೆ.

ನಾನು ಹೇಳಿದ್ದು ಸರಿಯೋ ತಪ್ಪೋ ನಿನಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಈ ಕಾಗದಕ್ಕೆ ಉತ್ತರ ಬರೆಯಬೇಡ, ಮಗಳೇ.

ಸೆಲಾಮಾ